ಎರಡು ನೂಲು ಕಮ್ಮಿ

ಮಂಗಳವಾರ ಬೆಳಿಗ್ಗೆ ಆರೂಕಾಲಿಗೆ, ಶಂಕರಪುರಂನ ನಮ್ಮ ಮನೆಯಿಂದ ಎರಡು ತಿರುವು ದಾಟಿದ ಮೇಲೆ, ಯಾರೋ ಅಗೆದು ಅರ್ಧ ಮುಚ್ಚಿ ಹೋಗಿದ್ದ ಗುಂಡಿಗೆ ನನ್ನ ಸೈಕಲ್ಲಿನ ಹಿಂದಿನ ಚಕ್ರ ಇಳಿಯಿತು. ನಾನು ಬೀಳಲಿಲ್ಲ. ಅದು ಹೆಮ್ಮೆಯ ವಿಷಯ. ಆದರೆ ಇಳಿದು ನೋಡಿದರೆ ಚಕ್ರ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನಾಲ್ಕು ಕಡ್ಡಿ ಮುರಿದಿದ್ದವು. ರಿಮ್ಮಿನಲ್ಲಿ ಉಗುರು ತೂರುವಷ್ಟು ಬಿರುಕು.

ಭಾನುವಾರ ಕಾಲೇಜಿನ ಸೈಕ್ಲಿಂಗ್ ಟೀಮಿಗೆ ಆಯ್ಕೆ. ಕನಕಪುರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಹತ್ತು ಕಿಲೋಮೀಟರ್ ವಾಪಸ್ಸು, ಒಬ್ಬೊಬ್ಬರನ್ನೇ ಬಿಟ್ಟು ಟೈಮ್ ಹಿಡಿಯುತ್ತಾರೆ. ಹುಡುಗಿಯರು ಆರು ಜನ, ಜಾಗ ಎರಡು. ಕಳೆದ ವರ್ಷ ನಾನು ಮೂರನೆಯವಳು. ಮೂರನೆಯವಳಿಗೆ ಬಾಳೆಹಣ್ಣು ಕೊಟ್ಟು ಮನೆಗೆ ಕಳಿಸಿದ್ದರು. ಈ ಸಲ ನನ್ನದು ಫೈನಲ್ ಇಯರ್, ಮುಂದಿನ ವರ್ಷ ನೋಡೋಣ ಎನ್ನುವ ಹಾಗೇ ಇಲ್ಲ. ಸ್ವಂತ ಸೈಕಲ್ ಇಲ್ಲದವರು ಬರುವುದೇ ಬೇಡ ಎಂದು ನಮ್ಮ ಪಿ.ಇ. ಮೇಷ್ಟ್ರು ಬದರೀನಾರಾಯಣ ಸರ್ ಗ್ರೂಪಿನಲ್ಲಿ ಮೂರು ಸಲ ಹಾಕಿದ್ದರು, ಮೂರನೆಯ ಸಲ ಕೆಂಪು ಚುಕ್ಕೆ ಇಟ್ಟು.

ಸೈಕಲ್ ಮನೋಹರ್ ಚಿಕ್ಕಪ್ಪನದು. ಅವರು ಕಾಲೇಜಿನಲ್ಲಿದ್ದಾಗ ಕೊಂಡ ಕೆಂಪು ರೋಡ್ ಬೈಕ್, ತೆಳು ಸ್ಟೀಲಿನದು, ಬಾಗಿದ ಹ್ಯಾಂಡಲ್ಲು. ಚಿಕ್ಕಪ್ಪ ಈಗ ನಗರ್ತಪೇಟೆಯಲ್ಲಿ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಸೈಕಲ್ ಏರುವ ದೇಹ ಅದಲ್ಲ.

ಅವತ್ತೇ ಬಸವನಗುಡಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಸೈಕಲ್ ಅಂಗಡಿಗೆ ಹೋದೆ. ಅಲ್ಲಿದ್ದವನು ಟೇಪು ಹಿಡಿದು ಅಳೆದು, ಟೇಪು ಮಡಚಿ ಇಟ್ಟ.

"ಮೇಡಂ, ಈ ಫ್ರೇಮಿಗೆ ಈಗಿನ ವ್ಹೀಲ್ ಕೂರಲ್ಲ. ಹಿಂದೆ ಗ್ಯಾಪೇ ಕಮ್ಮಿ."

"ಮತ್ತೆ ಏನ್ಮಾಡೋದು?"

"ಸೈಕಲ್ ಚೇಂಜ್ ಮಾಡಿ."

ಸಂಜೆ ಧೃತಿ ತನ್ನ ಹಳೆಯ ಚಕ್ರ ತಂದಳು. ಅವಳೂ ನನ್ನ ಕ್ಲಾಸೇ, ಟೀಮಿನ ಎರಡು ಜಾಗದಲ್ಲಿ ಒಂದು ಅವಳಿಗೆ ಗ್ಯಾರಂಟಿ ಎಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ಉದಾರಿ. ಇಬ್ಬರೂ ಸೇರಿ ಫ್ರೇಮಿನ ಹಿಂಗಾಲುಗಳನ್ನು ಎಳೆದು ಅಗಲಿಸಲು ನೋಡಿದೆವು. ಚಕ್ರ ಒಳಗೆ ಹೋಗಲಿಲ್ಲ, ನನ್ನ ಹೆಬ್ಬೆರಳು ಹೋಯಿತು.

"ಮಚ್ಚಾ, ನಿನ್ ಹಳೇ ಹಬ್ ಇಟ್ಕೊಂಡು ಅದ್ರ ಮೇಲೇನೇ ಹೊಸ ರಿಮ್ಮು, ಹೊಸ ಕಡ್ಡಿ ಹಾಕ್ಬೇಕು ಅಷ್ಟೇ," ಎಂದಳು ಧೃತಿ. "ಯಾರಾದ್ರೂ ಮಾಡೋರು ಇದಾರಾ ಇನ್ನೂ?"

ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಚಾಮರಾಜಪೇಟೆ ಮಾಯಣ್ಣನ ಹತ್ರ ಹೋಗು," ಎಂದರು. "ನನ್ನ ಹೆಸರು ಹೇಳು. ಬೈತಾನೆ. ಬೈಸ್ಕೋ."

ಬುಧವಾರ ಪ್ರಾಕ್ಟಿಕಲ್ಸ್ ಇತ್ತು. ಗುರುವಾರ ಮಧ್ಯಾಹ್ನ ಚಕ್ರವನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಹೋದೆ. ಮಾಯಣ್ಣನ ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆ. ಅರ್ಧ ಇಳಿಸಿದ ಶಟರ್ ಕೆಳಗೆ ಒಬ್ಬ ಹೆಂಗಸು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರೇ ಮಾಯಣ್ಣನ ಹೆಂಡತಿ ಮುನಿಯಮ್ಮ.

"ಅಂಗಡಿ ರಜಾ ಕಣಮ್ಮ," ಎಂದರು ತಲೆ ಎತ್ತದೆ. "ಇವರಿಗೆ ಕಣ್ಣಿನ ಪೊರೆ ಆಪರೇಷನ್ ಆಗದೆ. ಹತ್ತು ದಿನ ತಲೆ ಬಗ್ಗಿಸಂಗಿಲ್ಲ, ಭಾರ ಎತ್ತಂಗಿಲ್ಲ, ಕಣ್ಣಿಗೆ ಧೂಳು ಬೀಳಂಗಿಲ್ಲ."

"ಬಾಯಿಗೇನೂ ರೂಲ್ಸ್ ಹಾಕಿಲ್ಲ ಡಾಕ್ಟ್ರು," ಎಂದು ಒಳಗಿನಿಂದ ಒಂದು ದನಿ ಬಂತು. "ಯಾರದು?"

ಬಗ್ಗಿ ಒಳಗೆ ನೋಡಿದೆ. ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಗದ್ದ ಮೇಲೆತ್ತಿ, ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಮಾಯಣ್ಣ ಕೂತಿದ್ದರು. "ನಾನು ಮಾನ್ಯ," ಎಂದು ಚಿಕ್ಕಪ್ಪನ ಹೆಸರು ಹೇಳಿದೆ.

"ಯಾರು, ಪೇಟೆ ಮನೋಹರನಾ? ಆ ಕೆಂಪು ಸೈಕಲ್ಲು ಇನ್ನೂ ಬದುಕಿದೆಯಾ?"

"ಸೈಕಲ್ ಬದುಕಿದೆ ಮಾಯಣ್ಣ. ಚಿಕ್ಕಪ್ಪನಿಗೆ ಹೊಟ್ಟೆ ಬಂದಿದೆ."

ಅವರು ನಕ್ಕರು. ನಗುವಾಗಲೂ ಗದ್ದ ಕೆಳಗಿಳಿಯಲಿಲ್ಲ. ಎರಡೂ ಕೈ ಚಾಚಿದರು. ಚಕ್ರ ಕೊಟ್ಟೆ. ಎದೆಯ ಮಟ್ಟಕ್ಕೆ ಹಿಡಿದು ನಡುವಿನ ಹಬ್ ತಿರುಗಿಸಿದರು, ಕಿವಿಯ ಹತ್ತಿರ ತಂದು ಆಲಿಸಿದರು, ಬಿರುಕಿನ ಮೇಲೆ ಬೆರಳಾಡಿಸಿದರು.

"ಹಬ್ಬು ಬಂಗಾರ. ಮಿಕ್ಕಿದ್ದೆಲ್ಲ ಗುಜರಿ. ಇನ್ನೊಂದ್ ವಾರ ಬಿಟ್ಟು ಬಾ, ಹೆಣೆದು ಕೊಡ್ತೀನಿ."

"ಭಾನುವಾರಕ್ಕೆ ಬೇಕು."

"ಭಾನುವಾರ ನಾನು ಇಲ್ಲೇ, ಹಿಂಗೇ ಕೂತಿರ್ತೀನಿ. ಹೆಂಗ್ ಮಾಡ್ಲಿ?"

ಆಯ್ಕೆಯ ಕತೆ, ಮೂರನೆಯ ಜಾಗದ ಕತೆ, ಬಾಳೆಹಣ್ಣಿನ ಕತೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ, "ನೀವು ಹೇಳ್ಕೊಡಿ, ನಾನೇ ಮಾಡ್ತೀನಿ," ಎಂದುಬಿಟ್ಟೆ.

"ಪಂಚರ್ ಹಾಕಕ್ಕೆ ಬರ್ತದಾ?"

"ಎರಡು ಸಲ ಹಾಕಿದೀನಿ. ಎರಡು ಸಲಾನೂ ಗಾಳಿ ಹೋಯ್ತು."

ಮುನಿಯಮ್ಮ ಅವರೆಕಾಯಿ ಬಿಟ್ಟು ನನ್ನ ಮುಖ ನೋಡಿದರು. "ಒಳ್ಳೇದೇ ಆಯ್ತು," ಎಂದರು ಮಾಯಣ್ಣ. "ಅರ್ಧ ಬರೋರ ಕೈಲೇ ಚಕ್ರ ಹಾಳಾಗೋದು. ನಿನಗೆ ಏನೂ ಬರಲ್ಲ. ಹೇಳಿದಂಗೆ ಮಾಡ್ತೀಯ."

ಅಲ್ಲೇ ಶುರುವಾಯಿತು. ನಾನು ಹುರುಪಿನಲ್ಲಿ ಕಡ್ಡಿ ಕತ್ತರಿಸಲು ಕಟಿಂಗ್ ಪ್ಲೇಯರ್ ಎತ್ತಿಕೊಂಡ ಸದ್ದಿಗೇ ಅವರು ಕೂಗಿದರು: "ಏಯ್! ಮೊದ್ಲು ಫ್ರೀವೀಲ್ ಬಿಚ್ಚು! ಕಡ್ಡಿ ಹೋದ್ಮೇಲೆ ಹಬ್ಬನ್ನ ಏನು ಹಲ್ಲಲ್ಲಿ ಕಚ್ಚಿ ಹಿಡ್ಕೋತೀಯಾ?" ಚೈನು ಕೂರುವ ಹಲ್ಲುಗಳಿರುವ ಆ ಫ್ರೀವೀಲನ್ನು ಮೇಜಿಗೆ ಬಿಗಿದಿದ್ದ ಇಕ್ಕಳದಂಥ ವೈಸಿಗೆ ಕಚ್ಚಿಸಿ, ಇಡೀ ಚಕ್ರವನ್ನೇ ಬಸ್ಸಿನ ಸ್ಟೀರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಮೂರನೆಯ ಸಲಕ್ಕೆ ಕಟ್ ಎಂದು ಸಡಿಲವಾಯಿತು. ಆ ಸದ್ದಿಗೆ ನಾನು ಕುಣಿದಾಡಿದ್ದನ್ನು ಮಾಯಣ್ಣ ನೋಡಲಿಲ್ಲ, ಮುನಿಯಮ್ಮ ನೋಡಿದರು.

ಶುಕ್ರವಾರ ಬೆಳಿಗ್ಗೆ ಕ್ಲಾಸಿಗೆ ಚಕ್ಕರ್ ಹೊಡೆದು ನಗರ್ತಪೇಟೆಗೆ ಹೋದೆ. ಚಿಕ್ಕಪ್ಪನ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ವೀರಭದ್ರಯ್ಯ ಎನ್ನುವವರ ಸೈಕಲ್ ಬಿಡಿಭಾಗದ ಅಂಗಡಿ ಇದೆ, ಇಬ್ಬರು ಎದುರುಬದುರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಮೂವತ್ತಾರು ತೂತಿನ ರಿಮ್ ಈಗ ಯಾರೂ ಕೇಳುವುದಿಲ್ಲವಂತೆ. ಅಟ್ಟದ ಮೇಲಿಂದ ಒಂದೇ ಒಂದು ಸಿಕ್ಕಿತು, ಈಗಿನ ಅಳತೆಯದು. ಅದಕ್ಕೆ ಹೊಂದುವ ಟೈರು, ಟ್ಯೂಬೂ ತೆಗೆದುಕೊಂಡು ಚಾಮರಾಜಪೇಟೆಗೆ ಓಡಿದೆ.

ಮಾಯಣ್ಣ ಹಳೆಯ ರಿಮ್ಮಿನೊಳಗೆ ಹೊಸ ರಿಮ್ಮನ್ನು ಇಟ್ಟು, ಎರಡರ ನಡುವಿನ ಸಂದಿನಲ್ಲಿ ಹೆಬ್ಬೆರಳು ಸುತ್ತಾಡಿಸಿದರು. ಕಣ್ಣು ಮೇಲೆ ಚಾವಣಿಯ ಕಡೆಗೇ ಇತ್ತು.

"ಇದು ಚಿಕ್ಕದು. ಹಳೇ ಕಡ್ಡಿ ಆಗಲ್ಲ. ಹಳೇದಕ್ಕಿಂತ ಎರಡು ನೂಲು ಕಮ್ಮಿ ಇರೋದು ತಗೊಂಬಾ, ಮೂವತ್ತಾರು. ಎರಡು ಜಾಸ್ತಿ ತಗೋ, ಕೈತಪ್ಪಿದ್ರೆ ಇರಲಿ."

"ಎರಡು ನೂಲು ಕಮ್ಮಿ," ಎಂದೆ.

"ಎರಡು ನೂಲು ಕಮ್ಮಿ," ಎಂದರು.

ದಾರಿಯಲ್ಲಿ ಹಳೆಯ ಕಡ್ಡಿಯೊಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಅದರ ತುದಿಯಲ್ಲಿ ಸ್ಕ್ರೂವಿಗೆ ಇರುವ ಹಾಗೆ ಸಣ್ಣ ಸುತ್ತುಗಳಿದ್ದವು, ದಾರ ಸುತ್ತಿಟ್ಟ ಹಾಗೆ. ಅದನ್ನೇ ಅಲ್ಲವೇ ಥ್ರೆಡ್ ಎನ್ನುವುದು? ಥ್ರೆಡ್ ಎಂದರೆ ನೂಲು. ಎಷ್ಟು ಚೆಂದದ ಹೆಸರು ಇಟ್ಟಿದ್ದಾರೆ ಹಳಬರು ಎಂದು ಖುಷಿಯಾಯಿತು. ಎರಡು ಸುತ್ತು ಲೆಕ್ಕ ಹಾಕಿದೆ. ಹೆಚ್ಚೆಂದರೆ ಒಂದು ಮಿಲ್ಲಿಮೀಟರ್.

ವೀರಭದ್ರಯ್ಯನ ಹತ್ತಿರ ಮಿಲ್ಲಿಮೀಟರಿಗೊಂದು ಡಬ್ಬವಿತ್ತು. "ಇದಕ್ಕಿಂತ ಒಂದು ಮಿಲ್ಲಿಮೀಟರ್ ಕಮ್ಮಿದು ಕೊಡಿ," ಎಂದೆ.

ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ಬರೀ ಒಂದಾ? ಬೆಳಿಗ್ಗೆ ತಗೊಂಡು ಹೋದ್ಯಲ್ಲ, ಆ ರಿಮ್ಮಿಗಾ? ಯಾರಮ್ಮ ಹೇಳಿದ್ದು?"

"ಮಾಯಣ್ಣ."

"ಮಾಯಣ್ಣ ಹೇಳಿದ್ರೆ ಮುಗೀತು ಬಿಡು," ಎಂದು ಎಣಿಸಿ ಕಟ್ಟಿಕೊಟ್ಟರು.

ಶನಿವಾರ ಹತ್ತು ಗಂಟೆಗೆ, ಹಿಂದಿನ ಚಕ್ರವಿಲ್ಲದ ಸೈಕಲ್ಲನ್ನೂ ಹೊತ್ತು ತಂದು, ಮಾಯಣ್ಣನ ಅಂಗಡಿಯ ನೆಲದಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಅವರು ಕುರ್ಚಿಯಲ್ಲಿ, ಮುನಿಯಮ್ಮ ಹೊಸ್ತಿಲಲ್ಲಿ. ಹೊಸ್ತಿಲಲ್ಲಿ ಕೂತದ್ದು ಗಂಡನನ್ನು ಕಾಯಲು. ಅವರ ತಲೆ ಒಂದು ಬೆರಳು ಬಾಗಿದರೂ ಇವರ ಕೈಯಲ್ಲಿದ್ದ ಬೀಸಣಿಗೆ ಮೇಲೇಳುತ್ತಿತ್ತು.

"ಮೊದಲನೇ ಕಡ್ಡಿ ಹಬ್ಬಿನ ತೂತಲ್ಲಿ ಹೊರಗಿಂದ ಒಳಕ್ಕೆ ಬಿಡು. ರಿಮ್ಮಲ್ಲಿ ಗಾಳಿ ತೂತು ಹುಡುಕು. ಅದರ ಬಲಗಡೆ ತೂತಿಗೆ ಹಾಕು. ತುದಿಗೆ ಆ ಸಣ್ಣ ನಟ್ಟು, ನಿಪ್ಪಲ್, ಹಾಕಿ ಎರಡು ಸುತ್ತು ಸಾಕು, ಬಿಗಿಬೇಡ. ಈಗ ಹಬ್ಬಲ್ಲಿ ಒಂದು ಬಿಟ್ಟು ಒಂದು, ರಿಮ್ಮಲ್ಲಿ ಮೂರು ಬಿಟ್ಟು ಒಂದು. ಹೇಳು."

"ಹಬ್ಬಲ್ಲಿ ಒಂದು ಬಿಟ್ಟು ಒಂದು, ರಿಮ್ಮಲ್ಲಿ ಮೂರು ಬಿಟ್ಟು ಒಂದು."

"ಮಗ್ಗಿ ಹೇಳ್ದಂಗೆ ಹೇಳ್ಬೇಡ. ಮಾಡು."

ಒಂಬತ್ತು ಕಡ್ಡಿ ಒಂದು ದಿಕ್ಕಿಗೆ, ಒಂಬತ್ತು ಇನ್ನೊಂದು ದಿಕ್ಕಿಗೆ. ಆಮೇಲೆ ಚಕ್ರ ತಿರುವಿ ಹಾಕಿ ಆ ಕಡೆಯೂ ಹಾಗೇ. ಎರಡನೆಯ ಒಂಬತ್ತು ಹಾಕುವಾಗ ಅಸಲಿ ಕೆಲಸ: ಪ್ರತಿಯೊಂದೂ ಎದುರು ದಿಕ್ಕಿನ ಮೂರು ಕಡ್ಡಿಗಳನ್ನು ದಾಟಬೇಕು, ಎರಡರ ಮೇಲೆ ಹಾಯ್ದು ಮೂರನೆಯದರ ಕೆಳಗೆ ನುಸುಳಬೇಕು. ನಾನು ಎರಡು ಸಲ ತಪ್ಪಿದೆ. ಮೂರನೆಯ ಸಲ ಎಲ್ಲ ಸರಿ ಎಂದುಕೊಂಡಾಗ ಒಂದು ಕಡ್ಡಿ ಕೈಯಲ್ಲೇ ಉಳಿದು, ಅದಕ್ಕೆ ತೂತೇ ಇರಲಿಲ್ಲ.

"ತೂತು ಕಳೆದುಹೋಗಿದೆ ಮಾಯಣ್ಣ."

"ತೂತು ಎಲ್ಲೋಗ್ತದೆ? ನೀನು ಎಲ್ಲೋ ಹೋಗಿದೀಯ. ಹಿಂದಕ್ಕೆ ಎಣಿಸ್ಕೊಂಡು ಬಾ."

ಮಧ್ಯಾಹ್ನ ಎರಡೂವರೆಗೆ ಮೂವತ್ತಾರೂ ಕಡ್ಡಿ ಕೂತವು. ಚಕ್ರ ಚಕ್ರದ ಹಾಗೆಯೇ ಕಾಣುತ್ತಿತ್ತು! ಐದು ಫೋಟೋ ತೆಗೆದು ಧೃತಿಗೆ ಕಳಿಸಿದೆ. ಅವಳು ಬೆಂಕಿಯ ಚಿತ್ರಗಳನ್ನು ಸಾಲಾಗಿ ಕಳಿಸಿದಳು. ಮುನಿಯಮ್ಮ ಮುದ್ದೆ, ಅವರೆಕಾಳು ಸಾರು ಹಾಕಿಕೊಟ್ಟರು. ತಿಂದು ಬಂದು, ನಿಪ್ಪಲ್ ತಿರುಗಿಸುವ ಸಣ್ಣ ಕೀ ಹಿಡಿದು ಬಿಗಿಯಲು ಕೂತೆ.

ಕಾಲು ಸುತ್ತು, ಅರ್ಧ ಸುತ್ತು, ಒಂದು ಸುತ್ತು. ಮೂವತ್ತಾರಕ್ಕೂ ಸಮನಾಗಿ. ಇನ್ನೊಂದು ಸುತ್ತು. ಹಾಗೇ ಬಹಳ ಹೊತ್ತು ತಿರುಗಿಸಿದ ಮೇಲೆ, ಕೀ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಪಕ್ಕದ ಕಡ್ಡಿಯದೂ ನಿಂತಿತು. ಅದರ ಪಕ್ಕದ್ದೂ. ಆದರೆ ಕಡ್ಡಿಗಳನ್ನು ಮುಟ್ಟಿದರೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲಾಡುತ್ತಿದ್ದವು.

"ಮಾಯಣ್ಣ, ಕೀ ಮುಂದಕ್ಕೆ ಹೋಗ್ತಿಲ್ಲ. ಕಡ್ಡಿ ಇನ್ನೂ ಲೂಸಿದೆ."

"ರಿಮ್ಮಿನ ಒಳಗಡೆ ನೋಡು. ಕಡ್ಡಿ ತುದಿ ಕಾಣ್ತಿದ್ಯಾ?"

"ಕಾಣ್ತಿದೆ. ಎಲ್ಲಾ ಇಣುಕಿ ನೋಡ್ತಿವೆ."

"ಎಷ್ಟು?"

"ಒಂದೊಂದು ಅಕ್ಕಿಕಾಳಿನಷ್ಟು."

ಮಾಯಣ್ಣ ಕುರ್ಚಿಯ ಕೈ ಹಿಡಿದುಕೊಂಡರು. "ಎರಡು ನೂಲು ಕಮ್ಮಿ ತಗೊಂಬಾ ಅಂದಿದ್ನಲ್ಲಮ್ಮ?"

"ಎರಡು ನೂಲೇ ಕಮ್ಮಿ ತಂದಿದೀನಿ! ಎಣಿಸಿ ತಂದೆ!"

"ಎಣಿಸಿ? ನೂಲನ್ನ ಎಣಿಸಿದ್ಯಾ? ಹೆಂಗೆ?"

ಹಳೆಯ ಕಡ್ಡಿಯ ತುದಿಯ ಸುತ್ತುಗಳನ್ನು ಎಣಿಸಿದ್ದನ್ನು ಹೇಳಿದೆ. ದಾರ, ಥ್ರೆಡ್ಡು, ನೂಲು ಎಂದು ವಿವರಿಸಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ಸಣ್ಣದಾಯಿತು.

ಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಆದರೂ ನಗು ಮೂಗಿನಿಂದ ಬಂತು. "ಅಯ್ಯೋ ಪುಟ್ಟಾ, ನೂಲು ಅಂದ್ರೆ ಅಳತೆ ಕಣೇ. ನಮ್ಮಪ್ಪ ಗಾರೆ ಕೆಲಸದೋರು, ಮನೇಲಿ ಮುದ್ದೆ ತೂಕಾನೂ ನೂಲಲ್ಲೇ ಹೇಳೋರು."

"ಒಂದು ಇಂಚಿಗೆ ಎಂಟು ನೂಲು," ಎಂದರು ಮಾಯಣ್ಣ ಚಾವಣಿಗೆ. "ಎರಡು ನೂಲು ಅಂದ್ರೆ ಕಾಲು ಇಂಚು. ಬಡಗೀನ ಕೇಳು, ಗಾರೆಯೋನ ಕೇಳು, ಯಾರನ್ನ ಬೇಕಾದ್ರೂ ಕೇಳು. ಕಾಲೇಜಲ್ಲಿ ಏನ್ ಹೇಳ್ಕೊಡ್ತಾರೆ ನಿಮಗೆ?"

ಕಾಲು ಇಂಚು ಎಂದರೆ ಆರು ಮಿಲ್ಲಿಮೀಟರ್. ನಾನು ತಂದದ್ದು ಒಂದು. ಐದು ಮಿಲ್ಲಿಮೀಟರಿಗೆ ನನ್ನ ಆಯ್ಕೆ ಸಿಕ್ಕಿಹಾಕಿಕೊಂಡಿತ್ತು. ವೀರಭದ್ರಯ್ಯನಿಗೆ ಫೋನ್ ಮಾಡಿದೆ. ಆ ಕಡೆಯಿಂದ ವಾಲಗದ ಸದ್ದು. "ಹಲೋ? ಯಾರು? ಜೋರಾಗಿ ಹೇಳಮ್ಮ, ನಾನು ತುಮಕೂರಲ್ಲಿದೀನಿ, ಮಗಳ ಮನೆ ಗೃಹಪ್ರವೇಶ! ಅಂಗಡಿ ಸೋಮವಾರಾನೇ!" ಬೇರೆ ಎರಡು ಅಂಗಡಿಗೂ ಫೋನ್ ಮಾಡಿದೆ. ಒಂದರಲ್ಲಿ ಅಷ್ಟು ಕಡ್ಡಿ ಇರಲಿಲ್ಲ, ಇನ್ನೊಂದರಲ್ಲಿ ಕಡ್ಡಿ ಎಂದರೆ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ತುದಿ ಕತ್ತರಿಸಿದ್ರೆ?" ಎಂದೆ.

"ತುದಿ ಹೋಗ್ತದೆ. ಆದ್ರೆ ಕಡ್ಡಿ ಮೇಲಿನ ಸುತ್ತು ಅಲ್ಲಿಗೇ ಮುಗಿದಿದೆ. ನಿಪ್ಪಲ್ ಮುಂದಕ್ಕೆ ಹತ್ತಲ್ಲ." ಮಾಯಣ್ಣನ ದನಿಯಲ್ಲಿ ಈಗ ಬೈಗುಳ ಇರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ಬಿಡು ಮಗಳೇ. ಸೋಮವಾರ ಸರಿ ಕಡ್ಡಿ ತಂದು ಮಾಡಣ. ನಿನ್ನ ಕೈ ಚೆನ್ನಾಗಿದೆ."

"ಸೋಮವಾರ ಚಕ್ರ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?"

ಮಾತು ಸ್ವಲ್ಪ ಜೋರಾಯಿತು. ಮುನಿಯಮ್ಮ ಎದ್ದು ಒಳಗೆ ಹೋಗಿ ಕಾಫಿಗೆ ಇಟ್ಟ ಸದ್ದು ಕೇಳಿಸಿತು. ಅಳೋಣವೆಂದರೆ ಕೈಯ ಗ್ರೀಸು ಮುಖಕ್ಕಾಗುತ್ತದೆ. ಜೋಲುಬಿದ್ದ ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತೆ. ಹಬ್ಬನ್ನು ಹಿಡಿದು ಸುಮ್ಮನೆ ತಿರುಚಿದೆ. ಅರ್ಧ ಕಡ್ಡಿಗಳು ಇನ್ನಷ್ಟು ವಾಲಿದವು, ವಾಲಿದವು ಬಿಗಿಯಾದವು. ಇನ್ನರ್ಧ ಸಡಿಲವಾದವು. ಬಿಟ್ಟೆ. ಮತ್ತೆ ತಿರುಚಿದೆ.

"ಮಾಯಣ್ಣ."

"ಹ್ಞೂಂ."

"ನೇರ ಹೋಗೋ ಕಡ್ಡಿಗೆ ಉದ್ದ ಕಮ್ಮಿ ಸಾಕು. ಓರೆ ಹೋಗೋದಕ್ಕೆ ಜಾಸ್ತಿ ಬೇಕು. ಅಲ್ವಾ?"

"ಹ್ಞೂಂ."

"ನನ್ನ ಕಡ್ಡಿ ಉದ್ದ ಇದಾವೆ. ಇನ್ನೂ ಓರೆ ಹಾಕಿದ್ರೆ? ಎಲ್ಲಾನೂ? ಎರಡೂ ದಿಕ್ಕಿಗೆ?"

ಮಾಯಣ್ಣನ ಬಲಗೈ ಗಾಳಿಯಲ್ಲಿ ಮೇಲೆದ್ದು ಏನನ್ನೋ ಹೆಣೆಯತೊಡಗಿತು. ಮೇಲೆ, ಮೇಲೆ, ಮೇಲೆ, ಕೆಳಗೆ. ಆಮೇಲೆ ಅವರು ತೊಡೆ ತಟ್ಟಿ, "ಹಾಲಿನ ಸೈಕಲ್ ಹೆಣಿಗೆ!" ಎಂದು ಕೂಗಿದರು. ಮುನಿಯಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು.

"ತಲೆ! ತಲೆ!"

"ತಲೆ ನೆಟ್ಟಗೇ ಅದೆ ಕಣೇ, ಈಗ್ಲೇ ನೆಟ್ಟಗಾಗಿದ್ದು. ಕೇಳು ಮಗಳೇ. ಹಾಲಿನೋರು ಎರಡೂ ಕಡೆ ಕ್ಯಾನು ಕಟ್ಕೊಂಡು ಬರೋರಲ್ಲ, ಆ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಮೂರು ದಾಟಿಸಿದ್ರೆ ತಡೀತಿರ್ಲಿಲ್ಲ. ನಾಲ್ಕು ದಾಟಿಸ್ತಿದ್ವಿ. ಮೂರರ ಮೇಲೆ, ನಾಲ್ಕನೇದರ ಕೆಳಗೆ. ಅದಕ್ಕೆ ಕಡ್ಡಿ ಉದ್ದ ಬೇಕು. ಎಷ್ಟು ಉದ್ದ ಬೇಕು ಗೊತ್ತಾ?"

"ಎರಡು ನೂಲು ಜಾಸ್ತಿ?"

"ಎರಡು ನೂಲು ಜಾಸ್ತಿ! ನಿನ್ನ ಹತ್ರ ಅಷ್ಟಕ್ಕೆ ಒಂದು ಕೂದಲು ಕಮ್ಮಿ ಅದೆ. ನಡೀತದೆ." ಆಮೇಲೆ ಸ್ವಲ್ಪ ಅನುಮಾನಿಸಿದರು. "ಆದ್ರೆ ಅವು ನಲವತ್ತು ತೂತಿನ ಹಬ್ಬು. ನಾನು ಮಾಡಿ ಮೂವತ್ತು ವರ್ಷ ಆಯ್ತು. ಮೂವತ್ತಾರಕ್ಕೆ ಒಂದು ಸಲಾನೂ ಮಾಡಿಲ್ಲ. ಎಲ್ಲಾ ಬಿಚ್ಚಿ ಮೊದಲಿಂದ ಶುರು ಮಾಡ್ಬೇಕು."

ಗಂಟೆ ಮೂರೂ ಮುಕ್ಕಾಲು. ನಾನು ಆಗಲೇ ಬಿಚ್ಚುತ್ತಿದ್ದೆ.

ನಾಲ್ಕೂವರೆ ಗಂಟೆ ಕೂತು ಹೆಣೆದದ್ದನ್ನು ಬಿಚ್ಚಲು ಹದಿನೈದು ನಿಮಿಷ ಸಾಕಾಯಿತು. ಈ ಸಲ ಮಾಯಣ್ಣ ಹೇಳಿಕೊಡುತ್ತಿರಲಿಲ್ಲ, ಇಬ್ಬರೂ ಸೇರಿ ಹುಡುಕುತ್ತಿದ್ದೆವು. ಮೊದಲ ಒಂಬತ್ತು ಮೊದಲಿನಂತೆಯೇ ಹೋದವು. ಎರಡನೆಯ ಒಂಬತ್ತರಲ್ಲಿ ಮೊದಲನೆಯ ಕಡ್ಡಿಯನ್ನು ಮೂರರ ಮೇಲೆ ಹಾಯಿಸಿ, ನಾಲ್ಕನೆಯದರ ಕೆಳಗೆ ಬಾಗಿಸಿ ತಂದಾಗ ಅದು ಎರಡು ತೂತುಗಳ ಮಧ್ಯೆ ಬಂದು ನಿಂತಿತು.

"ಯಾವುದಕ್ಕೆ ಹಾಕ್ಲಿ? ಎಡಗಡೇದಾ, ಬಲಗಡೇದಾ?"

"ಕೊಡು ಇಲ್ಲಿ," ಎಂದು ಅವರು ಕೈ ಚಾಚಿದರು. ಚಕ್ರವನ್ನು ಎತ್ತಿ ಅವರ ಎದೆಯ ಮಟ್ಟಕ್ಕೆ ಹಿಡಿದೆ. ಬೆರಳುಗಳು ಹಬ್ಬಿನಿಂದ ರಿಮ್ಮಿಗೆ, ರಿಮ್ಮಿನಿಂದ ಹಬ್ಬಿಗೆ ಓಡಾಡಿದವು. "ಬಲಗಡೇದು. ಎಡಗಡೇದು ಆ ಪಕ್ಕದ ಕಡ್ಡೀದು. ಅವ್ರ ಮನೆಗೆ ನುಗ್ಬೇಡ."

ಆಮೇಲೆ ಕೈ ತಾನಾಗಿ ಹೋಯಿತು. ಮೇಲೆ, ಮೇಲೆ, ಮೇಲೆ, ಕೆಳಗೆ. ನನ್ನ ಬಾಯಿಯೂ ಅದನ್ನೇ ಹೇಳುತ್ತಿತ್ತು, ಮುನಿಯಮ್ಮನೂ ಹೊಸ್ತಿಲಿನಿಂದ ಅದನ್ನೇ ಹೇಳತೊಡಗಿದರು. ದಾರಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ನಿಂತು, "ಏನಮ್ಮ, ಭಜನೆನಾ?" ಎಂದು ಕೇಳಿ ಹೋದಳು.

ಆರು ಗಂಟೆಗೆ ಮೂವತ್ತಾರೂ ಒಳಗೆ ಹೋದವು. ಬಿಗಿಯತೊಡಗಿದೆ. ಕೀ ಮತ್ತೆ ನಿಂತುಬಿಡುತ್ತದೆ ಎಂದು ಪ್ರತಿ ಸುತ್ತಿಗೂ ಹೆದರಿದೆ. ನಿಲ್ಲಲಿಲ್ಲ. ಕಡ್ಡಿಗಳು ಒಂದೊಂದಾಗಿ ಸೆಟೆದುಕೊಂಡವು. ರಿಮ್ಮಿನ ಒಳಗೆ ನೋಡಿದರೆ ಒಂದು ತುದಿಯೂ ಇಣುಕುತ್ತಿರಲಿಲ್ಲ.

"ಈಗ ಉಗುರಲ್ಲಿ ಮೀಟು, ಒಂದೊಂದೇ," ಎಂದರು ಮಾಯಣ್ಣ. ಮೀಟಿದೆ. ಟಿಣ್, ಟಿಣ್, ಟಿಣ್, ಟುಂ. "ನಿಲ್ಸು. ಅದು ಸತ್ತದೆ. ಕಾಲು ಸುತ್ತು ಕೊಡು. ಮತ್ತೆ ಮೀಟು. ಹ್ಞಾಂ, ಬದುಕ್ತು. ಮುಂದೆ." ಬಲಗಡೆಯವು ಒಂದು ದನಿಯಲ್ಲಿ, ಎಡಗಡೆಯವು ಅದಕ್ಕಿಂತ ಸ್ವಲ್ಪ ಕೆಳಗಿನ ದನಿಯಲ್ಲಿ ಇರಬೇಕಂತೆ, ಫ್ರೀವೀಲ್ ಕೂರುವ ಕಡೆ ಬಿಗಿ ಜಾಸ್ತಿ ಬೇಕಾದ್ದರಿಂದ. ನಾನು ಮೀಟುವುದು, ಅವರು ತೀರ್ಪು ಹೇಳುವುದು. ಆಮೇಲೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚಕ್ರ ಕೂರಿಸಿ ತಿರುಗಿಸಿದೆ. ಬಳಪವನ್ನು ರಿಮ್ಮಿನ ಪಕ್ಕದಲ್ಲಿ ಹಿಡಿದರೆ ಎಲ್ಲಿ ಹೊರಗೆ ಬಂದಿದೆಯೋ ಅಲ್ಲಿ ಬಿಳಿ ಗೆರೆ ಬೀಳುತ್ತಿತ್ತು. ಗೆರೆ ಬಿದ್ದ ಕಡೆ ಎದುರು ಕಡ್ಡಿಗೆ ಕಾಲು ಸುತ್ತು, ಇತ್ತ ಕಾಲು ಸುತ್ತು ಸಡಿಲ. ಅಳಿಸು, ಮತ್ತೆ ಹಿಡಿ. ಮೊದಲು ಒಂದು ಗೇಣು ಗೆರೆ, ಆಮೇಲೆ ನಾಲ್ಕು ಬೆರಳು, ಆಮೇಲೆ ಒಂದು ಚುಕ್ಕೆ. ಫ್ರೀವೀಲ್, ಟ್ಯೂಬು, ಟೈರು ಹಾಕಿ, ಹೊಸ ರಿಮ್ಮು ಚಿಕ್ಕದಾದ್ದರಿಂದ ಬ್ರೇಕಿನ ರಬ್ಬರುಗಳನ್ನು ಕೆಳಗಿಳಿಸಿ ಬಿಗಿದೆ.

ಏಳೂವರೆಗೆ ಚಕ್ರ ತಿರುಗುವುದು ಕಾಣಿಸುತ್ತಿರಲಿಲ್ಲ, ಕೇಳಿಸುತ್ತಿತ್ತು ಅಷ್ಟೆ.

"ಅಲ್ಲಾಡ್ತಿದ್ಯಾ?" ಎಂದು ಮಾಯಣ್ಣ ಕೇಳಿದರು.

"ಇಲ್ಲ."

"ಸುಳ್ಳು ಹೇಳ್ಬೇಡ."

"ಒಂಚೂರು ಅಲ್ಲಾಡ್ತಿದೆ."

"ಹಂಗನ್ನು. ಹೊಸ ಚಕ್ರ ಒಂದಷ್ಟು ಓಡಿದ್ಮೇಲೆ ಎಲ್ಲೋ ಒಂದು ಕಡ್ಡಿ ಮಾತಾಡ್ತದೆ. ಕೀ ಇಟ್ಕೊಂಡಿರು."

ಭಾನುವಾರ ಬೆಳಿಗ್ಗೆ ಆರಕ್ಕೆ ಕನಕಪುರ ರಸ್ತೆಯ ಬದಿಯಲ್ಲಿ ಆರು ಜನ ಸಾಲಾಗಿ ನಿಂತೆವು. ಧೃತಿ ಮೊದಲು, ಗಗನಾ ಎನ್ನುವ ಎರಡನೇ ವರ್ಷದ ಹುಡುಗಿ ಮೂರನೆಯವಳು, ನಾನು ಐದನೆಯವಳು. ಗಗನಾಳ ಸೈಕಲ್ ಹೊಸದು, ತೂಕವೇ ಇಲ್ಲ, ಒಂದು ಬೆರಳಲ್ಲಿ ಎತ್ತಿ ತೋರಿಸುತ್ತಿದ್ದಳು.

"ಆ ಸೈಕಲ್ ಮ್ಯೂಸಿಯಂದಾ ಅಕ್ಕಾ?" ಎಂದಳು.

"ಹೌದು ಪುಟ್ಟ. ಹಿಂದಿನ ಚಕ್ರ ಮಾ‌ತ್ರ ನಿನ್ನೇದು."

ಬದರೀನಾರಾಯಣ ಸರ್ ಸೀಟಿ ಊದಿದರು. ಮೊದಲ ಐನೂರು ಮೀಟರಿನಲ್ಲಿ ಚಕ್ರದಿಂದ ಟಿಣ್, ಟಕ್ ಎಂದು ಸದ್ದು ಬಂತು. ಆಮೇಲೆ ಕಡ್ಡಿಗಳು ಕೂತುಕೊಂಡವು ಎಂದು ಕಾಣುತ್ತದೆ, ಸದ್ದು ನಿಂತಿತು. ಏರಿನಲ್ಲಿ ನಿಂತು ತುಳಿದೆ. ಹಾಲಿನ ಕ್ಯಾನು ಹೊರುವ ಹೆಣಿಗೆ ನನ್ನನ್ನು ಹೊರಲಾರದೇ? ಚಕ್ರ ಕೆಳಗೆ ಕಲ್ಲಿನ ಹಾಗೆ ಇತ್ತು. ಹತ್ತು ಕಿಲೋಮೀಟರಿಗೆ ತಿರುಗಿದಾಗ ನನ್ನ ಮುಂದಿನವಳನ್ನು ಹಿಡಿದು ದಾಟಿದ್ದೆ.

ತಿರುಗಿ ಎರಡು ಕಿಲೋಮೀಟರ್ ಬಂದ ಮೇಲೆ ಶುರುವಾಯಿತು. ಶ್. ಶ್. ಶ್. ಪ್ರತಿ ಸುತ್ತಿಗೂ ರಿಮ್ಮು ಬ್ರೇಕಿನ ರಬ್ಬರಿಗೆ ಉಜ್ಜುತ್ತಿತ್ತು. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗೆ. ಹಾಗೇ ತುಳಿದುಬಿಡೋಣ ಎಂದು ನೂರು ಮೀಟರ್ ತುಳಿದೆ. ಇನ್ನು ಎಂಟು ಕಿಲೋಮೀಟರ್ ಹೀಗೆ ಹೋದರೆ ಕಾಲು ಸಾಯುತ್ತದೆ. ನಿಂತರೆ ಸೆಕೆಂಡುಗಳು ಸಾಯುತ್ತವೆ.

ನಿಂತೆ. ಹಾರಿ ಇಳಿದು, ಹಿಂದಿನ ಬ್ರೇಕಿನ ಪಕ್ಕದಲ್ಲಿರುವ ಸಣ್ಣ ಹಿಡಿಯನ್ನು ಮೇಲೆತ್ತಿದೆ. ರಬ್ಬರುಗಳು ಎರಡೂ ಕಡೆ ಬಿಟ್ಟುಕೊಂಡವು. ಹತ್ತಿ ಹೊರಟೆ. ಹತ್ತು ಸೆಕೆಂಡು ಹೋಯಿತು, ಹಿಂದಿನ ಬ್ರೇಕೂ ಹೋಯಿತು. ಇನ್ನು ಮುಂದಿನದೊಂದೇ. ಇಳಿಜಾರಿನಲ್ಲಿ ಅದನ್ನೂ ಮುಟ್ಟಲಿಲ್ಲ. ಚಕ್ರ ಒಂಚೂರು ಸೊಂಟ ಆಡಿಸುತ್ತಾ ಬಂತು, ಬರಲಿ ಬಿಡು ಎಂದು ತಲೆ ತಗ್ಗಿಸಿ ತುಳಿದೆ. ಕೊನೆಯ ಕಿಲೋಮೀಟರಿನಲ್ಲಿ ಉಸಿರು ನನ್ನದೋ ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯದೋ ಗೊತ್ತಾಗುತ್ತಿರಲಿಲ್ಲ.

ಗೆರೆ ದಾಟಿ, ಮುಂದಿನ ಬ್ರೇಕ್ ಮೆಲ್ಲಗೆ ಹಿಡಿದು, ಹುಲ್ಲಿಗೆ ನುಗ್ಗಿಸಿ ನಿಲ್ಲಿಸಿದೆ. ನನ್ನ ಹಿಂದೆ ಇನ್ನೂ ಇಬ್ಬರು ಬರಬೇಕಿತ್ತು. ಉಳಿದವರು ಇಡ್ಲಿ ಪೊಟ್ಟಣ ಬಿಚ್ಚುತ್ತಿದ್ದರು. ನಾನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಹುಲ್ಲಿನ ಮೇಲೆ ಕೂತು ಕಡ್ಡಿಗಳನ್ನು ಮೀಟುತ್ತಾ ಬಂದೆ. ಹದಿನಾರನೆಯದು ಟುಂ ಎಂದಿತು.

"ಧೃತಿ, ಮೂವತ್ತೇಳು ಇಪ್ಪತ್ತು," ಎಂದು, ಎಲ್ಲರೂ ಬಂದಾದ ಮೇಲೆ, ಸರ್ ಓದುತ್ತಿದ್ದರು. "ಮಾನ್ಯ, ಮೂವತ್ತೆಂಟು ನಲವತ್ತಾರು. ಗಗನಾ, ಮೂವತ್ತೆಂಟು ಐವತ್ತೆಂಟು..."

ಧೃತಿ ಕಿರುಚಿದಳು. ಹನ್ನೆರಡು ಸೆಕೆಂಡು. ನಾನು ಕೈಯಲ್ಲಿ ಕೀ ಹಿಡಿದುಕೊಂಡು ಹಾಗೇ ಕೂತಿದ್ದೆ, ನಗು ಬಂದು ಬಾಯಿ ಮುಚ್ಚಲಾಗುತ್ತಿರಲಿಲ್ಲ.

"ಮಾನ್ಯ ಎಲ್ಲಮ್ಮ? ಬಂದು ಸೈನ್ ಮಾಡು, ಎರಡನೇ ಜಾಗ ನಿಂದು."

"ಬಂದೆ ಸರ್, ಒಂದ್ನಿಮಿಷ."

ಸರ್ ಹಾಳೆ ಹಿಡಿದು ಅವರೇ ನಡೆದು ಬಂದರು. ಬಿಚ್ಚಿದ ಬ್ರೇಕನ್ನು ನೋಡಿದರು, ಚಕ್ರ ತಿರುಗಿಸಿ ಅದರ ಒಯ್ಯಾರ ನೋಡಿದರು, ಹುಬ್ಬು ಗಂಟಿಕ್ಕಿದರು.

"ಹಿಂದಿನ ಬ್ರೇಕ್ ಇಲ್ದೇ ಬಂದ್ಯಾ? ತಲೆ ಕೆಟ್ಟಿದ್ಯಾ ನಿಂಗೆ? ಈ ಚಕ್ರ ಯಾರು ಮಾಡಿದ್ದು? ಮೊದ್ಲು ತಗೊಂಡೋಗಿ ಅವ್ರ ಕೈಗೇ ಕೊಡು, ಸರಿಯಾಗಿ ಮಾಡ್ಲಿ."

"ಅವ್ರೇ ಮಾಡ್ತಿದಾರೆ ಸರ್," ಎಂದು ಆ ಕಡ್ಡಿಗೆ ಕಾಲು ಸುತ್ತು ಕೊಟ್ಟೆ.